ಪ್ರೋಗ್ ರಾಕ್ ಆಲ್ಬಂ ಆರಿಸಲು ಯಾವ ವಿಮರ್ಶೆ ಓದಬೇಕು? ಸ್ಟಾರ್, ತಾಳದ ಲೆಕ್ಕ, ಹಿನ್ನೆಲೆಯ ಕತೆ ಮತ್ತು ಒಬ್ಬ ಕೇಳುಗನ ಮನಸ್ಸು

ಪ್ರೊಗ್ರೆಸಿವ್ ರಾಕ್ (ಉದ್ದನೆಯ ಹಾಡು, ಬದಲಾಗುವ ತಾಳದ ರಾಕ್; ಚಿಕ್ಕದಾಗಿ ಪ್ರೋಗ್ ರಾಕ್) ಆಲ್ಬಂ ಒಂದನ್ನು ಕೇಳಬೇಕೋ ಬೇಡವೋ ಅಂತ ತೀರ್ಮಾನಿಸುವ ಮೊದಲು ನಾವು ಓದುವ ಬರಹಗಳು ಹೆಚ್ಚುಕಡಿಮೆ ನಾಲ್ಕು ಬಗೆ. ಐದಕ್ಕೆ ಇಷ್ಟು ಅನ್ನುವ ಸ್ಟಾರ್ ರೇಟಿಂಗ್. ಸಂಗೀತವನ್ನು ಬಿಡಿಸಿ ತೋರಿಸುವ ತಾಂತ್ರಿಕ ವಿಮರ್ಶೆ. ಆಲ್ಬಂ ಹೇಗೆ ಹುಟ್ಟಿತು ಅಂತ ಹೇಳುವ ಹಿನ್ನೆಲೆಯ ಬರಹ. ಕೊನೆಯದು, ಒಬ್ಬ ಕೇಳುಗ 'ಇದನ್ನು ಕೇಳಿ ನನಗೆ ಹೀಗಾಯಿತು' ಅಂತ ಮನಸ್ಸು ಬಿಚ್ಚಿ ಬರೆದದ್ದು.

ಈ ಕೊನೆಯದಕ್ಕೆ ಮರ್ಯಾದೆ ಕಮ್ಮಿ. ಅದು ಅವರವರ ಅಭಿಪ್ರಾಯ, ನಮಗೇನು ಉಪಯೋಗ ಅಂತ ಜನ ಕೇಳುತ್ತಾರೆ. ನನ್ನ ಮಟ್ಟಿಗೆ ಈ ಸಂಗೀತದ ವಿಷಯದಲ್ಲಿ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುವುದೇ ಅದು. ಹಾಗಂತ ಎಲ್ಲ ಸಂದರ್ಭಕ್ಕೂ ಅದೇ ಸಾಕು ಅಂತಲ್ಲ. ಭಾವುಕವಾಗಿ ಬರೆದದ್ದೆಲ್ಲ ಒಳ್ಳೆಯದೂ ಅಲ್ಲ. ಯಾವಾಗ ಯಾವುದನ್ನು ಓದಬೇಕು, ಯಾವುದನ್ನು ಬಿಡಬಹುದು ಅನ್ನುವುದನ್ನು ಗೊತ್ತಿರುವ ಆಲ್ಬಂಗಳನ್ನೇ ಇಟ್ಟುಕೊಂಡು ನೋಡೋಣ.

ಈ ಸಂಗೀತ ಸಮಯ ಕೇಳುತ್ತದೆ

ನಾಲ್ಕೈದು ನಿಮಿಷದ ಹಾಡಿಗೆ ಯಾರ ವಿಮರ್ಶೆಯೂ ಬೇಡ. ಹಾಕಿ ಕೇಳಿದರೆ ಆಯಿತು. ಇಲ್ಲಿ ಹಾಗಲ್ಲ. ಜೆನೆಸಿಸ್ ತಂಡದ 1972ರ 'ಫಾಕ್ಸ್‌ಟ್ರಾಟ್' ಆಲ್ಬಂನಲ್ಲಿ 'ಸಪ್ಪರ್ಸ್ ರೆಡಿ' ಅನ್ನುವ ಒಂದೇ ಹಾಡು ಸುಮಾರು 23 ನಿಮಿಷ ಇದೆ. ಅದೇ ವರ್ಷ ಬಂದ ಯೆಸ್ ತಂಡದ 'ಕ್ಲೋಸ್ ಟು ದಿ ಎಡ್ಜ್' ಆಲ್ಬಂನಲ್ಲಿ ಇರುವುದೇ ಮೂರು ಹಾಡು. ಮೊದಲನೆಯದು ಎಲ್‌ಪಿಯ (ಎರಡು ಬದಿಯ ಗ್ರಾಮಫೋನ್ ತಟ್ಟೆಯ) ಒಂದು ಇಡೀ ಬದಿಯನ್ನು ತುಂಬಿಕೊಂಡಿದೆ.

ಆ ಹಾಡು ಹಕ್ಕಿಗಳ ಸದ್ದಿನಿಂದ, ನೀರು ಹರಿಯುವ ಸದ್ದಿನಿಂದ ಶುರುವಾಗುತ್ತದೆ. ಮರುಕ್ಷಣವೇ ಗಿಟಾರ್, ಬಾಸ್, ಡ್ರಮ್ಸ್ ಎಲ್ಲವೂ ಒಂದೊಂದು ದಿಕ್ಕಿಗೆ ಓಡಿದ ಹಾಗೆ ಕೇಳಿಸುತ್ತದೆ. ಹೊಸಬರು ಎಷ್ಟೋ ಜನ ಅಲ್ಲೇ ನಿಲ್ಲಿಸಿಬಿಡುತ್ತಾರೆ. ಎಂಟು ನಿಮಿಷ ದಾಟಿದ ಮೇಲೆ ಎಲ್ಲವೂ ತಣ್ಣಗಾಗಿ, ದನಿಗಳು ಒಂದರ ಮೇಲೊಂದು ನಿಧಾನಕ್ಕೆ ಸೇರಿಕೊಳ್ಳುವ ಭಾಗ ಬರುತ್ತದೆ. ಆಮೇಲೆ ಲಂಡನ್ನಿನ ಒಂದು ಚರ್ಚಿನಲ್ಲಿ ರೆಕಾರ್ಡ್ ಮಾಡಿದ ದೊಡ್ಡ ಆರ್ಗನ್ ಮೊಳಗುತ್ತದೆ. ಅಲ್ಲಿಯವರೆಗೆ ಕಾದವರಿಗೆ ಮಾತ್ರ ಆ ಮೊದಲ ಗದ್ದಲ ಯಾಕೆ ಬೇಕಿತ್ತು ಅಂತ ಗೊತ್ತಾಗುತ್ತದೆ.

ಹಾಗಾಗಿ ಇಲ್ಲಿ ಕೇಳಬೇಕಾದ ಪ್ರಶ್ನೆ 'ಆಲ್ಬಂ ಚೆನ್ನಾಗಿದೆಯಾ' ಅನ್ನುವುದಲ್ಲ. ನಾನು ಇದಕ್ಕೆ ಎಷ್ಟು ಸಮಯ ಕೊಡಬೇಕು, ಎಲ್ಲಿ ಹಿಡಿದುಕೊಂಡು ಒಳಗೆ ಹೋಗಬೇಕು ಅನ್ನುವುದು. ನಾಲ್ಕು ಬಗೆಯ ಬರಹಗಳನ್ನೂ ಈ ಪ್ರಶ್ನೆ ಇಟ್ಟುಕೊಂಡೇ ಅಳೆಯಬೇಕು.

ಸ್ಟಾರ್ ರೇಟಿಂಗ್

ಒಂದು ತಂಡ ಇಪ್ಪತ್ತು ಆಲ್ಬಂ ಮಾಡಿದ್ದರೆ ಎಲ್ಲಿಂದ ಶುರು ಮಾಡುವುದು? ಇಷ್ಟಕ್ಕೆ ಸ್ಟಾರ್ ಸಾಕು. ಜಾಸ್ತಿ ಜನ ಮೆಚ್ಚಿದ ಎರಡು ಮೂರು ಆಲ್ಬಂ ಯಾವುವು ಅಂತ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ.

ಆದರೆ ಸರಾಸರಿ ಒಂದು ವಿಷಯವನ್ನು ಮುಚ್ಚಿಡುತ್ತದೆ. ಯೆಸ್ ತಂಡದ್ದೇ 1973ರ 'ಟೇಲ್ಸ್ ಫ್ರಮ್ ಟೋಪೋಗ್ರಾಫಿಕ್ ಓಷನ್ಸ್' ತೆಗೆದುಕೊಳ್ಳಿ. ಎರಡು ಎಲ್‌ಪಿ, ನಾಲ್ಕು ಬದಿ, ನಾಲ್ಕೇ ಹಾಡು, ಒಟ್ಟು 80 ನಿಮಿಷಕ್ಕೂ ಮೇಲೆ. ಬ್ರಿಟನ್ನಿನಲ್ಲಿ ಅದು ಮಾರಾಟದ ಪಟ್ಟಿಯ ಮೊದಲ ಸ್ಥಾನಕ್ಕೆ ಹೋಯಿತು. ತಂಡದ ಕೀಬೋರ್ಡ್ ವಾದಕ ರಿಕ್ ವೇಕ್‌ಮನ್ ಅವರಿಗೇ ಅದು ಹಿಡಿಸಲಿಲ್ಲ. 1974ರಲ್ಲಿ ಅವರು ತಂಡ ಬಿಟ್ಟರು. ಕೇಳುಗರೂ ಹಾಗೇ ಎರಡು ಪಾಲಾಗಿದ್ದಾರೆ. ಒಬ್ಬರಿಗೆ ಅದು ಯೆಸ್ ಮಾಡಿದ ದೊಡ್ಡ ಕೆಲಸ, ಇನ್ನೊಬ್ಬರಿಗೆ ಕಾರಣವಿಲ್ಲದೆ ಎಳೆದದ್ದು. ಐದು ಕೊಟ್ಟವರು ಅರ್ಧ, ಒಂದು ಕೊಟ್ಟವರು ಅರ್ಧ ಇದ್ದರೆ ಸರಾಸರಿ ಮೂರು ಬರುತ್ತದೆ. ಆ ಮೂರು ಯಾರೊಬ್ಬರ ಅನುಭವವೂ ಅಲ್ಲ. ಅದನ್ನು ನೋಡಿ 'ಪರವಾಗಿಲ್ಲ, ಸಾಧಾರಣ ಆಲ್ಬಂ' ಅಂದುಕೊಂಡವರಿಗೆ ಸಿಗುವುದು ಸುಳ್ಳು ಮಾಹಿತಿ.

ತಾಂತ್ರಿಕ ವಿಮರ್ಶೆ

ಇದರ ಮೇಲೆ ನನಗೆ ನಿಜವಾದ ಗೌರವ ಇದೆ. ಯಾವ ಭಾಗದ ತಾಳ ಏಳರ ಲೆಕ್ಕ, ಯಾವುದು ಒಂಬತ್ತರ ಲೆಕ್ಕ, ಎಲ್ಲಿ ಮೆಲೊಟ್ರಾನ್ (ಟೇಪಿನಲ್ಲಿ ರೆಕಾರ್ಡ್ ಮಾಡಿದ ವಾದ್ಯಗಳ ದನಿ ಹೊರಡಿಸುವ ಕೀಬೋರ್ಡ್), ಎಲ್ಲಿ ಹ್ಯಾಮಂಡ್ ಆರ್ಗನ್ ಅಂತ ಹೇಳಿಕೊಟ್ಟರೆ ಕಿವಿ ಚುರುಕಾಗುತ್ತದೆ. ಅದರಲ್ಲೂ ಕರ್ನಾಟಕ ಸಂಗೀತ ಸ್ವಲ್ಪ ಕಲಿತವರಿಗೆ ಇದು ಸಲೀಸು. ಪಿಂಕ್ ಫ್ಲಾಯ್ಡ್ ತಂಡದ 'ಮನಿ' ಹಾಡು ಏಳರ ಲೆಕ್ಕದಲ್ಲಿದೆ ಅಂದರೆ ಎಷ್ಟೋ ರಾಕ್ ಕೇಳುಗರು ಹುಬ್ಬೇರಿಸುತ್ತಾರೆ. ಏಳು ಎಣಿಕೆಯ ಮಿಶ್ರ ಛಾಪು ತಾಳ ಹಾಕಿ ರೂಢಿ ಇರುವ ಕೈ ಅದನ್ನು ಯಾರೂ ಹೇಳದೆಯೇ ಹಿಡಿಯುತ್ತದೆ.

'ಸಪ್ಪರ್ಸ್ ರೆಡಿ' ಹಾಡಿನ ಕೊನೆಯ ಕಡೆ ಒಂಬತ್ತರ ಲೆಕ್ಕದ ಒಂದು ಭಾಗ ಬರುತ್ತದೆ. ಬಾಸ್ ಮತ್ತು ಡ್ರಮ್ಸ್ ಆ ಒಂಬತ್ತನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತವೆ. ಅದರ ಮೇಲೆ ಜೆನೆಸಿಸ್ ತಂಡದ ಟೋನಿ ಬ್ಯಾಂಕ್ಸ್ ಅವರ ಆರ್ಗನ್ ಆ ಲೆಕ್ಕಕ್ಕೆ ಕಟ್ಟುಬೀಳದೆ ಅಲೆಯುತ್ತದೆ. ಕೇಳುವಾಗ ಆಗುವ ತಳಮಳಕ್ಕೆ ಕಾರಣ ಇದು. ತಾಂತ್ರಿಕ ವಿಮರ್ಶೆ ಇಷ್ಟನ್ನು ಚೆನ್ನಾಗಿ ಹೇಳುತ್ತದೆ.

ಅದು ಹೇಳದೆ ಬಿಡುವುದು ಮುಂದಿನದನ್ನು. ಆ ತಳಮಳ ಮುಗಿದ ಮೇಲೆ, ಹಾಡು ಶುರುವಾದಾಗ ಮೆಲ್ಲಗೆ ಕೇಳಿದ್ದ ಧಾಟಿ ಈಗ ದೊಡ್ಡದಾಗಿ ವಾಪಸ್ ಬರುತ್ತದೆ. ಲೆಕ್ಕದಲ್ಲಿ ಅದು ಸರಳ. ಪುಟಗಟ್ಟಲೆ ವಿವರಿಸಲು ಅಲ್ಲಿ ಏನೂ ಇಲ್ಲ. ಆದರೆ 20 ನಿಮಿಷ ಎಲ್ಲೆಲ್ಲೋ ಅಲೆದು ಮತ್ತೆ ಮನೆ ಸೇರಿದ ಹಾಗಾಗುವುದು ಅಲ್ಲೇ. ಜನ ಈ ಹಾಡನ್ನು ಐವತ್ತು ವರ್ಷದಿಂದ ಬಿಡದೆ ಕೇಳುತ್ತಿರುವುದು ಒಂಬತ್ತರ ಲೆಕ್ಕಕ್ಕಾಗಿ ಅಲ್ಲ, ಆ ವಾಪಸಾತಿಗಾಗಿ ಅಂತ ನಾನು ನಂಬುತ್ತೇನೆ.

ಇನ್ನೊಂದು ಉದಾಹರಣೆ ಜೆಂಟಲ್ ಜೈಂಟ್ ತಂಡ. ಇವರ 1972ರ 'ಆಕ್ಟೊಪಸ್' ಆಲ್ಬಂ ಬಗ್ಗೆ ತಾಂತ್ರಿಕವಾಗಿ ಬರೆಯುವವರೆಲ್ಲ 'ನಾಟ್ಸ್' ಹಾಡಿನ ಹತ್ತಿರ ನಿಂತುಬಿಡುತ್ತಾರೆ. ನಾಲ್ಕು ದನಿಗಳು ಒಂದಕ್ಕೊಂದು ಗಂಟು ಹಾಕಿಕೊಳ್ಳುವ ಹಾಡು ಅದು, ನಿಲ್ಲಬೇಕಾದ್ದೇ. ಅದೇ ಆಲ್ಬಂನಲ್ಲಿ 'ಥಿಂಕ್ ಆಫ್ ಮಿ ವಿತ್ ಕೈಂಡ್‌ನೆಸ್' ಅಂತ ಒಂದು ಪುಟ್ಟ ಹಾಡು ಇದೆ. ಪಿಯಾನೊ, ಕೆರಿ ಮಿನಿಯರ್ ಅವರ ಮೆತ್ತನೆಯ ದನಿ, ಬೇರೆಯಾಗುತ್ತಿರುವ ಒಬ್ಬರು ಇನ್ನೊಬ್ಬರಿಗೆ ಹೇಳುವ ಮಾತು. ತಾಂತ್ರಿಕ ವಿಮರ್ಶೆಯಲ್ಲಿ ಇದಕ್ಕೆ ಸಿಗುವುದು ಒಂದು ಸಾಲು. ಜೆಂಟಲ್ ಜೈಂಟ್ ಅಂದರೆ ಬರೀ ಬುದ್ಧಿವಂತಿಕೆ ಅಂತ ಹೆದರಿ ದೂರ ಉಳಿದವರಿಗೆ ಬಾಗಿಲು ತೆಗೆಯುವ ಹಾಡು ಇದೇ. ಅದನ್ನು ಕೇಳಿ ಕರಗಿದವರು ಬರೆಯದಿದ್ದರೆ ಆ ಬಾಗಿಲು ಇದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಡ್ರೀಮ್ ಥಿಯೇಟರ್ ತಂಡದ ವಿಷಯದಲ್ಲಿ ಇದು ಇನ್ನೂ ಜಾಸ್ತಿ. ಅವರ ಬಗ್ಗೆ ಬರೆಯುವಾಗ ವೇಗ ಮತ್ತು ಲೆಕ್ಕ ಬಿಟ್ಟು ಬೇರೆ ಮಾತೇ ಬರುವುದಿಲ್ಲ. 1995ರಲ್ಲಿ ಬಂದ 'ಎ ಚೇಂಜ್ ಆಫ್ ಸೀಸನ್ಸ್' ಏಳು ಭಾಗಗಳ, 23 ನಿಮಿಷದ ಹಾಡು. ಅದರ ಸಾಹಿತ್ಯ ಬರೆದದ್ದು ಡ್ರಮ್ಸ್ ವಾದಕ ಮೈಕ್ ಪೋರ್ಟ್‌ನಾಯ್. ವಿಮಾನ ಅಪಘಾತದಲ್ಲಿ ತೀರಿಕೊಂಡ ಅವರ ತಾಯಿಯ ನೆನಪು ಅದರ ನಡುವೆ ಇದೆ. ಇದು ಗೊತ್ತಿಲ್ಲದೆ ಅಲ್ಲಿನ ಡ್ರಮ್ಸ್ ಕೇಳುವುದು ಬೇರೆ, ಗೊತ್ತಿದ್ದು ಕೇಳುವುದು ಬೇರೆ.

ಹಿನ್ನೆಲೆಯ ಕತೆ

ಕಾನ್ಸೆಪ್ಟ್ ಆಲ್ಬಂಗಳಿಗೆ, ಅಂದರೆ ಎಲ್ಲ ಹಾಡೂ ಒಂದೇ ವಿಷಯದ ಸುತ್ತ ಇರುವ ಆಲ್ಬಂಗಳಿಗೆ, ಕತೆ ಬೇಕೇ ಬೇಕು. ಸಂಗೀತಗಾರ ಸ್ಟೀವನ್ ವಿಲ್ಸನ್ ಅವರ 2015ರ 'ಹ್ಯಾಂಡ್. ಕೆನಾಟ್. ಇರೇಸ್.' ಆಲ್ಬಂಗೆ ಪ್ರೇರಣೆ ಜಾಯ್ಸ್ ವಿನ್ಸೆಂಟ್ ಎಂಬ ಹೆಣ್ಣುಮಗಳ ಸಾವು. ಲಂಡನ್ನಿನ ತನ್ನ ಫ್ಲ್ಯಾಟಿನಲ್ಲಿ ಆಕೆ 2003ರಲ್ಲಿ ತೀರಿಕೊಂಡರು. ಅದು ಹೊರಗೆ ಗೊತ್ತಾದದ್ದು 2006ರಲ್ಲಿ. ಅಷ್ಟು ದೊಡ್ಡ ಊರಿನಲ್ಲಿ, ಅಷ್ಟು ಜನರ ನಡುವೆ. ಇದನ್ನು ತಿಳಿದುಕೊಂಡ ಮೇಲೆ ಆ ಆಲ್ಬಂನ ಖುಷಿಯ ಹಾಡುಗಳೂ ಬೇರೆ ಥರ ಕೇಳಿಸುತ್ತವೆ.

ಪಿಂಕ್ ಫ್ಲಾಯ್ಡ್ 1975ರ 'ವಿಶ್ ಯು ವರ್ ಹಿಯರ್' ಕತೆ ನಿಮಗೆ ಗೊತ್ತಿರಬಹುದು. ತಂಡವನ್ನು ಕಟ್ಟಿದವರಲ್ಲಿ ಒಬ್ಬರಾದ ಸಿಡ್ ಬ್ಯಾರೆಟ್ ಮಾನಸಿಕ ಆರೋಗ್ಯ ಕೆಟ್ಟು ತಂಡದಿಂದ ದೂರವಾಗಿದ್ದರು. ಅವರ ನೆನಪಿನಲ್ಲೇ ಬರೆದ ಹಾಡಿನ ಕೆಲಸ ನಡೆಯುತ್ತಿದ್ದಾಗ, 1975ರ ಜೂನ್ 5ರಂದು, ಅವರೇ ಸ್ಟುಡಿಯೊಗೆ ಬಂದರು. ತಲೆಗೂದಲು, ಹುಬ್ಬು ಬೋಳಿಸಿಕೊಂಡು, ದಪ್ಪಗಾಗಿದ್ದ ಅವರನ್ನು ಹಳೆಯ ಗೆಳೆಯರಿಗೇ ಮೊದಲು ಗುರುತು ಹಿಡಿಯಲು ಆಗಲಿಲ್ಲ.

ಇಂಥ ಕತೆಗೆ ಎಷ್ಟು ಶಕ್ತಿ ಇದೆ ಅಂದರೆ ಅದು ಸಂಗೀತವನ್ನೇ ನುಂಗಿಬಿಡಬಲ್ಲದು. ಹಿನ್ನೆಲೆಯ ಬರಹ ಓದಿ ನಾವು ಆ ಘಟನೆಗೆ ಮರುಗುತ್ತೇವೆ. ಸಂಗೀತಕ್ಕೆ ಮರುಗಿದೆವು ಅಂದುಕೊಳ್ಳುತ್ತೇವೆ. ಇವೆರಡೂ ಒಂದೇ ಅಲ್ಲ. ಒಬ್ಬ ಕೇಳುಗ ಪ್ರಾಮಾಣಿಕವಾಗಿ ಬರೆದಾಗ ಈ ವ್ಯತ್ಯಾಸ ಕಾಣುತ್ತದೆ. 'ಬ್ಯಾರೆಟ್ ಯಾರು ಅಂತ ತಿಳಿಯುವ ಮೊದಲೇ, ಮೊದಲ ಹಾಡಿನ ನಾಲ್ಕನೇ ನಿಮಿಷದ ಹೊತ್ತಿಗೆ ಡೇವಿಡ್ ಗಿಲ್ಮೋರ್ ಗಿಟಾರಿನಲ್ಲಿ ನುಡಿಸುವ ಆ ನಾಲ್ಕು ಸ್ವರ ಕೇಳಿ ಯಾರನ್ನೋ ಕಳೆದುಕೊಂಡ ಹಾಗೆ ಅನ್ನಿಸಿತು' ಅಂತ ಒಬ್ಬರು ಬರೆದರೆ, ಆ ನೋವು ಸ್ವರದಲ್ಲೇ ಇದೆ ಅಂತ ನಮಗೆ ತಿಳಿಯುತ್ತದೆ. ಕತೆಯನ್ನು ಬದಿಗಿಟ್ಟರೂ ಅದು ಉಳಿಯುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಈ ಆಲ್ಬಂ ಬಂದಾಗ ಅಮೆರಿಕದ ರೋಲಿಂಗ್ ಸ್ಟೋನ್ ಪತ್ರಿಕೆಯ ವಿಮರ್ಶಕರಿಗೆ ಅದರಲ್ಲಿ ಪ್ರಾಮಾಣಿಕ ಭಾವನೆಯೇ ಕಾಣಲಿಲ್ಲ. ಬ್ಯಾರೆಟ್ ಬಗ್ಗೆ ಹಾಡುವಾಗಲೂ ಇವರು ಸುಮ್ನೆ ಒಪ್ಪಿಸುತ್ತಿದ್ದಾರೆ ಅನ್ನುವ ಅರ್ಥದಲ್ಲಿ ಬರೆದರು. ಇವತ್ತು ಇದೇ ಆಲ್ಬಂ ಕೇಳಿ ಕಣ್ಣು ಒದ್ದೆ ಮಾಡಿಕೊಳ್ಳುವವರು ಲೆಕ್ಕವಿಲ್ಲದಷ್ಟು ಜನ. ವಿಮರ್ಶಕರು ಸುಳ್ಳು ಬರೆದರು ಅಂತ ನಾನು ಹೇಳುವುದಿಲ್ಲ. ಪತ್ರಿಕೆಗೆ ಬರೆಯುವವರು ಆಲ್ಬಂ ಬಂದ ಹೊಸತರಲ್ಲೇ ಬರೆದು ಮುಗಿಸಬೇಕು. ತಣ್ಣಗಿನ ದನಿಯ ಹಿಂದೆ ಇರುವ ದುಃಖ ಒಂದೆರಡು ಸಲಕ್ಕೆ ಕೇಳಿಸದೆ ಹೋಗಬಹುದು. ಹತ್ತು ವರ್ಷ ಜೊತೆಗಿಟ್ಟುಕೊಂಡು ಬರೆಯುವ ಭಾಗ್ಯ ಕೇಳುಗನಿಗೆ ಮಾತ್ರ ಇದೆ.

ಮನಸ್ಸಿನಿಂದ ಬರೆದದ್ದು

ಕ್ಯಾಮೆಲ್ ತಂಡದ ಆಂಡ್ರೂ ಲ್ಯಾಟಿಮರ್ ತಮ್ಮ ತಂದೆ ತೀರಿಕೊಂಡ ಮೇಲೆ ಮಾಡಿದ ಆಲ್ಬಂ 1996ರ 'ಹಾರ್ಬರ್ ಆಫ್ ಟಿಯರ್ಸ್'. ಐರ್ಲೆಂಡಿನ ಕೋವ್ ಬಂದರಿನಿಂದ ಹಡಗು ಹತ್ತಿ ದೂರದೇಶಕ್ಕೆ ಹೋದ ಜನರ ಕತೆ ಅದರಲ್ಲಿದೆ. ಹೋದವರು ಊರನ್ನು ಕೊನೆಯ ಸಲ ನೋಡಿದ್ದು ಆ ಬಂದರಿನಲ್ಲಿ. ಮೊದಲಿಗೆ ಒಬ್ಬ ಹೆಂಗಸಿನ ಒಂಟಿ ದನಿ, ಯಾವ ವಾದ್ಯವೂ ಇಲ್ಲ. ಕೊನೆಗೆ ತಂದೆಗಾಗಿ ಅಂತಲೇ ಹೆಸರಿಟ್ಟ ಹಾಡು. ಅದರಲ್ಲಿ ಲ್ಯಾಟಿಮರ್ ಗಿಟಾರ್ ಉದ್ದಕ್ಕೆ, ನಿಧಾನವಾಗಿ ಮಾತಾಡುತ್ತದೆ.

ಆಲ್ಬಂನ ಹಾಡುಗಳ ಪಟ್ಟಿಯಲ್ಲಿ ಆ ಕೊನೆಯ ಹಾಡಿನ ಉದ್ದ 23 ನಿಮಿಷ ಅಂತ ಇದೆ. ಸಂಗೀತ ಅಷ್ಟಿಲ್ಲ. ಬಹುಪಾಲು ಬರೀ ಸಮುದ್ರದ ಅಲೆಗಳ ಸದ್ದು. ಸ್ಟಾರ್ ಕೊಡುವವರು ಇದಕ್ಕೆ ಅಂಕ ಕಳೆಯಬಹುದು. ತಾಂತ್ರಿಕ ವಿಮರ್ಶೆಗೆ ಅಲ್ಲಿ ಬರೆಯಲು ವಿಷಯವೇ ಇಲ್ಲ. ನಾನು ಆ ಅಲೆಗಳನ್ನು ನಿಲ್ಲಿಸುವುದಿಲ್ಲ. ಹಡಗು ಕಣ್ಮರೆಯಾದ ಮೇಲೂ ದಡದಲ್ಲಿ ನಿಂತೇ ಇರುವವರ ಹೊತ್ತು ಅದು ಅಂತ ನನಗೆ ಅನ್ನಿಸುತ್ತದೆ. ಮಕ್ಕಳನ್ನು ವಿದೇಶಕ್ಕೆ ಕಳಿಸಿ ಏರ್‌ಪೋರ್ಟಿನ ಗಾಜಿನಾಚೆ ನೋಡುತ್ತಾ ನಿಂತ ಅಪ್ಪ ಅಮ್ಮಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇದು ನನ್ನ ಅನಿಸಿಕೆ. ಆದರೆ ಇದನ್ನು ಓದಿದ ಮೇಲೆ ನೀವು ಆ ಅಲೆಗಳ ಹತ್ತಿರ ಬಂದಾಗ ಮುಂದಿನ ಆಲ್ಬಂಗೆ ಹಾರದೆ ಒಂದೆರಡು ನಿಮಿಷ ಕೂರಬಹುದು. ಅಷ್ಟಾದರೆ ಆ ಬರಹ ತನ್ನ ಕೆಲಸ ಮಾಡಿತು.

ಇಂಥ ಬರಹದ ಮೇಲೆ ಎರಡು ಆಕ್ಷೇಪ ಇವೆ. ಒಬ್ಬರ ಅನುಭವ ಇನ್ನೊಬ್ಬರಿಗೆ ಆಗಬೇಕು ಅಂತಿಲ್ಲ ಅನ್ನುವುದು ಒಂದು. ನಿಜ. ಆಗಲೇಬೇಕು ಅಂತ ಯಾರೂ ಹೇಳುತ್ತಿಲ್ಲ. ಒಬ್ಬ ಮನುಷ್ಯನಿಗೆ ಇಲ್ಲಿ ಏನೋ ಸಿಕ್ಕಿದೆ, ಇಂಥ ಕಡೆ ಸಿಕ್ಕಿದೆ ಅನ್ನುವ ಸಾಕ್ಷಿ ನಮಗೆ ಸಾಕು. ಮೊದಲ ಸಲ ಬರೀ ಗದ್ದಲ ಕೇಳಿಸಿದ ಆಲ್ಬಂಗೆ ಎರಡನೇ ಅವಕಾಶ ಕೊಡಲು ಇದಕ್ಕಿಂತ ಒಳ್ಳೆಯ ಕಾರಣ ಇಲ್ಲ.

ಎರಡನೆಯದು ಇನ್ನೂ ಗಟ್ಟಿ ಆಕ್ಷೇಪ. ಭಾವನೆಯ ಹೆಸರಲ್ಲಿ ಏನು ಬೇಕಾದರೂ ಬರೆಯಬಹುದು ಅಲ್ವಾ? ಹೌದು, ಬರೆಯುತ್ತಾರೆ. ಕಿಂಗ್ ಕ್ರಿಮ್ಸನ್ ತಂಡದ ಮೊದಲ ಆಲ್ಬಂ 'ಇನ್ ದಿ ಕೋರ್ಟ್ ಆಫ್ ದಿ ಕ್ರಿಮ್ಸನ್ ಕಿಂಗ್' 1969ರ ಅಕ್ಟೋಬರಿನಲ್ಲಿ ಬಂದಾಗ ದಿ ಹೂ ತಂಡದ ಪೀಟ್ ಟೌನ್‌ಶೆಂಡ್ ಅದನ್ನು ಅಸಾಮಾನ್ಯ ಮೇರುಕೃತಿ ಅಂತ ಹೊಗಳಿದರು. ಅಮೆರಿಕದ ವಿಮರ್ಶಕ ರಾಬರ್ಟ್ ಕ್ರಿಸ್ಟ್‌ಗೌ ಡಿ ಪ್ಲಸ್ ಅನ್ನುವ ಕೆಳದರ್ಜೆಯ ಅಂಕ ಕೊಟ್ಟು, ಒಂದು ಬೈಗುಳದಲ್ಲಿ ಮುಗಿಸಿದರು. ಇಬ್ಬರದ್ದೂ ಬಲವಾದ ಭಾವನೆಯೇ. ಆದರೆ ಕೇಳುಗನಿಗೆ ಎರಡರಿಂದಲೂ ದಾರಿ ಸಿಗುವುದಿಲ್ಲ. ಮೊದಲ ಹಾಡಿನ ಕರ್ಕಶ ದನಿಗೆ ಬೆಚ್ಚಿಬಿದ್ದವರಿಗೆ, 'ಇರಿ, ಅದರ ಹಿಂದೆಯೇ ಕೊಳಲಿನ ಮೆತ್ತನೆಯ ಹಾಡು ಬರುತ್ತದೆ, ಮೂರನೆಯದರಲ್ಲಿ ಗ್ರೆಗ್ ಲೇಕ್ ದನಿಯ ಹಿಂದೆ ಮೆಲೊಟ್ರಾನ್ ಮೋಡದ ಹಾಗೆ ಏಳುತ್ತದೆ' ಅಂತ ಹೇಳುವವರು ಬೇಕು. ಹಾಗಾಗಿ ಭಾವನೆ ಇದ್ದರೆ ಸಾಲದು. ಅದು ಹಾಡಿನ ಒಂದು ಜಾಗಕ್ಕೆ ಅಂಟಿಕೊಂಡಿರಬೇಕು.

ಒಳ್ಳೆಯದನ್ನು ಗುರುತಿಸುವುದು ಹೇಗೆ

ನಾನು ಮೊದಲು ಹುಡುಕುವುದು ಹಾಡಿನ ಜಾಗವನ್ನೇ. ಯಾವ ಹಾಡು, ಯಾವ ನಿಮಿಷದ ಹೊತ್ತಿಗೆ, ಯಾವ ವಾದ್ಯ. 'ಅದ್ಭುತ, ಕಣ್ಣೀರು ಬಂತು' ಅಂದರೆ ನನಗೆ ಏನೂ ಸಿಗಲಿಲ್ಲ. ಜೆನೆಸಿಸ್ ತಂಡದ 1973ರ 'ಸೆಲ್ಲಿಂಗ್ ಇಂಗ್ಲೆಂಡ್ ಬೈ ದಿ ಪೌಂಡ್' ಆಲ್ಬಂನ 'ಫರ್ತ್ ಆಫ್ ಫಿಫ್ತ್' ಹಾಡಿನ ಬಗ್ಗೆ ಹೀಗೆ ಬರೆದರೆ ನೋಡಿ: 'ಮೂರು ನಿಮಿಷ ದಾಟಿದ ಮೇಲೆ ಪೀಟರ್ ಗೇಬ್ರಿಯಲ್ ಕೊಳಲಿನಲ್ಲಿ ಒಂದು ಧಾಟಿ ಬರುತ್ತದೆ. ಅದನ್ನು ಮರೆಯಬೇಡಿ. ಆರನೇ ನಿಮಿಷದ ಹೊತ್ತಿಗೆ ಅದೇ ಧಾಟಿ ಸ್ಟೀವ್ ಹ್ಯಾಕೆಟ್ ಗಿಟಾರಿನಲ್ಲಿ ವಾಪಸ್ ಬರುತ್ತದೆ. ಕೊಳಲಿನಲ್ಲಿ ನಾಚಿಕೆಯಿಂದ ಹೇಳಿದ್ದನ್ನು ಈಗ ಬಾಯ್ತುಂಬ ಹೇಳಿದ ಹಾಗಿದೆ.' ಇದು ಪೂರ್ತಿ ಸ್ವಂತ ಅನಿಸಿಕೆ. ಆದರೂ ಹಾಡು ಹಾಕಿ ನೀವೇ ಪರೀಕ್ಷೆ ಮಾಡಬಹುದು.

ಎಷ್ಟು ಕಾಲದಿಂದ ಕೇಳುತ್ತಿದ್ದಾರೆ ಅನ್ನುವುದು ಇದರಷ್ಟೇ ಮುಖ್ಯ. ಮೊದಲ ಸಲ ಹೇಗಿತ್ತು, ಆಮೇಲೆ ಏನು ಬದಲಾಯಿತು ಅಂತ ಬರೆದವರನ್ನು ನಾನು ಹೆಚ್ಚು ನಂಬುತ್ತೇನೆ. ಬಿಡುಗಡೆಯ ದಿನವೇ ಬರೆದ ಉತ್ಸಾಹ ಬೇಗ ಆರಿಹೋಗಬಹುದು.

ಬರೆದವರು ಯಾವ ಸಂಗೀತದಿಂದ ಬಂದವರು ಅಂತಲೂ ನೋಡಿ. ಹೆವಿ ಮೆಟಲ್ ಕೇಳಿ ಬೆಳೆದವರಿಗೆ ಕ್ಯಾಮೆಲ್ ಸಪ್ಪೆ ಅನ್ನಿಸಬಹುದು. ಭಾವಗೀತೆ, ಹಳೆಯ ಸಿನಿಮಾ ಹಾಡಿನ ಕಿವಿಗೆ ಅದೇ ಇಷ್ಟವಾಗಬಹುದು.

ಮೆಚ್ಚಿದ ಆಲ್ಬಂನಲ್ಲೂ ಒಂದು ಸೊರಗಿದ ಜಾಗ ತೋರಿಸಿದ್ದಾರಾ? ಹಾಗಿದ್ದರೆ ಅವರ ಮೆಚ್ಚುಗೆಗೆ ತೂಕ ಇದೆ. ಇಷ್ಟವಾಗದೆ ಬರೆದದ್ದನ್ನೂ ಬಿಡಬೇಡಿ. 'ಹಾಡುಗಾರ ಕೂಗುವುದನ್ನು ತಡೆಯಲು ಆಗಲಿಲ್ಲ, ಎದೆ ಹೊಡೆದುಕೊಂಡಿತು' ಅಂತ ಒಬ್ಬರು ಸಿಟ್ಟಿನಿಂದ ಬರೆದದ್ದು ಇನ್ನೊಬ್ಬರನ್ನು ಅದೇ ಆಲ್ಬಂ ಕಡೆಗೆ ಕರೆದೊಯ್ಯಬಹುದು.

ನಿಮ್ಮ ಸಂದರ್ಭಕ್ಕೆ ಯಾವುದು

ಈ ಸಂಗೀತಕ್ಕೆ ಹೊಸಬರಾದರೆ ತಾಂತ್ರಿಕ ವಿಮರ್ಶೆ ಸದ್ಯಕ್ಕೆ ಬೇಡ. ಹೆದರಿಕೆ ಆಗುತ್ತದೆ, ಅಷ್ಟೇ. ಸ್ಟಾರ್ ನೋಡಿ ಮೂರು ಆಲ್ಬಂ ಹೆಸರು ಬರೆದುಕೊಳ್ಳಿ. ಆ ಮೂರರ ಬಗ್ಗೆ ಮನಸ್ಸಿನಿಂದ ಬರೆದದ್ದನ್ನು ಓದಿ, ಯಾವುದು ನಿಮ್ಮನ್ನು ಕರೆಯುತ್ತದೋ ಅದರಿಂದ ಶುರು ಮಾಡಿ. ನನ್ನನ್ನು ಕೇಳಿದರೆ 'ವಿಶ್ ಯು ವರ್ ಹಿಯರ್', ಇಲ್ಲವೇ ಮರಿಲಿಯನ್ ತಂಡದ 1985ರ 'ಮಿಸ್‌ಪ್ಲೇಸ್ಡ್ ಚೈಲ್ಡ್‌ಹುಡ್' ಅನ್ನುತ್ತೇನೆ.

ಕೇಳಿ ಹಿಡಿಸದೆ ಬಿಟ್ಟ ಆಲ್ಬಂ ಆದರೆ ಮನಸ್ಸಿನ ಬರಹಕ್ಕೆ ಸಾಟಿ ಇಲ್ಲ. ವ್ಯಾನ್ ಡರ್ ಗ್ರಾಫ್ ಜನರೇಟರ್ ತಂಡದ 1971ರ 'ಪಾನ್ ಹಾರ್ಟ್ಸ್' ಇಂಗ್ಲೆಂಡಿಗಿಂತ ಇಟಲಿಯ ಜನರಿಗೆ ಹಿಡಿಸಿತು. ಅಲ್ಲಿ ಪಟ್ಟಿಯ ತುದಿಗೇರಿತು. ಅದರಲ್ಲಿ ಒಬ್ಬ ದೀಪಸ್ತಂಭದ ಕಾವಲುಗಾರನ ಬಗ್ಗೆ 23 ನಿಮಿಷದ ಹಾಡಿದೆ. ಕಣ್ಣೆದುರೇ ಹಡಗುಗಳು ಒಡೆಯುತ್ತವೆ, ಅವನಿಂದ ಏನೂ ಮಾಡಲಾಗುವುದಿಲ್ಲ. ತಂಡದ ಹಾಡುಗಾರ ಪೀಟರ್ ಹ್ಯಾಮಿಲ್ ಪಿಸುಗುಡುತ್ತಾರೆ, ಕಿರುಚುತ್ತಾರೆ, ಸ್ಯಾಕ್ಸೊಫೋನ್ ಮತ್ತು ಆರ್ಗನ್ ಅವರ ಜೊತೆ ಹುಚ್ಚೇಳುತ್ತವೆ. ಸ್ವರಗಳ ವಿವರಣೆ ಓದಿ ಈ ಹಾಡಿಗೆ ಒಲಿದವರನ್ನು ನಾನು ಕಂಡಿಲ್ಲ. ತನ್ನ ಒಂಟಿತನವನ್ನು ಅಲ್ಲಿ ಗುರುತಿಸಿದ ಒಬ್ಬರು ಬರೆದದ್ದು ಓದಿದರೆ ಆ ಕಿರುಚಾಟಕ್ಕೆ ಅರ್ಥ ಬರುತ್ತದೆ.

ಫ್ರಾನ್ಸಿನ ಮ್ಯಾಗ್ಮಾ ತಂಡದ ವಿಷಯವೂ ಹೀಗೇ. ತಂಡ ಕಟ್ಟಿದ ಕ್ರಿಸ್ಟಿಯನ್ ವಾಂದೆರ್ ತಾವೇ ಒಂದು ಭಾಷೆ ಹುಟ್ಟುಹಾಕಿ ಅದರಲ್ಲಿ ಹಾಡಿಸಿದರು. ಮಾತಿನ ಅರ್ಥ ಹಿಡಿದು ಹೋಗುವ ದಾರಿ ಹೆಚ್ಚುಕಡಿಮೆ ಮುಚ್ಚಿದೆ. ಉಳಿಯುವುದು ಆ ಗುಂಪು ಗಾಯನ, ಬಿಡದೆ ಬಡಿಯುವ ಲಯ ನಿಮ್ಮ ಮೈಯಲ್ಲಿ ಏನು ಮಾಡುತ್ತದೆ ಅನ್ನುವುದು.

ಹಳೆಯ ಆಲ್ಬಂನ ಹೊಸ ರಿಮಿಕ್ಸ್ (ಮೂಲ ರೆಕಾರ್ಡಿಂಗಿನ ದನಿಗಳನ್ನು ಮತ್ತೆ ಹೊಂದಿಸಿದ್ದು) ಅಥವಾ ದುಬಾರಿ ಬಾಕ್ಸ್ ಸೆಟ್ ಕೊಳ್ಳುವುದಾದರೆ ಭಾವನೆಯ ಬರಹ ಪಕ್ಕಕ್ಕಿಡಿ. ಸ್ಟೀವನ್ ವಿಲ್ಸನ್ ಅವರು ಕಿಂಗ್ ಕ್ರಿಮ್ಸನ್, ಯೆಸ್, ಜೆಥ್ರೊ ಟಲ್, ಜೆಂಟಲ್ ಜೈಂಟ್ ಆಲ್ಬಂಗಳನ್ನು ಹೊಸದಾಗಿ ಮಿಕ್ಸ್ ಮಾಡಿದ್ದಾರೆ. ಯಾವ ವಾದ್ಯ ಈಗ ಸ್ಪಷ್ಟವಾಗಿ ಕೇಳುತ್ತದೆ, ಯಾವ ಮಾಸ್ಟರಿಂಗ್ (ಕೊನೆಯ ಹಂತದ ದನಿಯ ಹದ), ಒಳಗೆ ಏನೇನು ಇದೆ ಅಂತ ತಾಂತ್ರಿಕವಾಗಿ ಬರೆದದ್ದೇ ಇಲ್ಲಿ ಬೇಕು. ಸಾವಿರಾರು ರೂಪಾಯಿ ಖರ್ಚಿನ ಮಾತು.

ಮನಸ್ಸು ಸರಿ ಇಲ್ಲದ ದಿನಗಳಲ್ಲಿ ಮಾತ್ರ ದಯವಿಟ್ಟು ಸ್ಟಾರ್ ನೋಡಿ ಆಲ್ಬಂ ಆರಿಸಬೇಡಿ. ಮರಿಲಿಯನ್ ತಂಡದ 1994ರ 'ಬ್ರೇವ್' ತುಂಬಾ ಎತ್ತರದ ಕೆಲಸ. ಬ್ರಿಟನ್ನಿನ ಸೆವರ್ನ್ ಸೇತುವೆಯ ಮೇಲೆ ಒಬ್ಬಳೇ ಸಿಕ್ಕ, ತಾನು ಯಾರು ಅಂತಲೂ ಹೇಳದ ಒಂದು ಹುಡುಗಿಯ ಬಗ್ಗೆ ರೇಡಿಯೊದಲ್ಲಿ ಬಂದ ಸುದ್ದಿ ಅದರ ಮೂಲ. ಅವಳನ್ನು ಅಲ್ಲಿಗೆ ತಂದ ಬದುಕು ಹೇಗಿದ್ದಿರಬಹುದು ಅಂತ ಆಲ್ಬಂ ಊಹಿಸುತ್ತಾ ಹೋಗುತ್ತದೆ. ಐದು ಸ್ಟಾರ್ ನಿಮಗೆ ಈ ಎಚ್ಚರಿಕೆ ಕೊಡುವುದಿಲ್ಲ. 'ಇದನ್ನು ಕೇಳಿದ ರಾತ್ರಿ ನಿದ್ದೆ ಬರಲಿಲ್ಲ' ಅಂತ ಬರೆದ ಒಬ್ಬ ಕೇಳುಗ ಕೊಡುತ್ತಾನೆ. ಅದೇ ಮಾತು ಇನ್ನೊಬ್ಬರಿಗೆ ಆಸರೆಯೂ ಆಗಬಹುದು: ನನ್ನಂತೆ ಇನ್ನೊಬ್ಬರೂ ಇದ್ದಾರೆ ಅಂತ.

ನಮ್ಮ ಕಿವಿಯ ಮಾತು

'ಟೇಲ್ಸ್ ಫ್ರಮ್ ಟೋಪೋಗ್ರಾಫಿಕ್ ಓಷನ್ಸ್' ಹುಟ್ಟಿದ್ದು ಪರಮಹಂಸ ಯೋಗಾನಂದರ ಆತ್ಮಕಥೆಯ ಒಂದು ಅಡಿಟಿಪ್ಪಣಿಯಿಂದ. ಶ್ರುತಿ, ಸ್ಮೃತಿ, ಪುರಾಣ, ತಂತ್ರ ಅಂತ ಅಲ್ಲಿದ್ದ ವಿಂಗಡಣೆಯನ್ನು ಯೆಸ್ ತಂಡದ ಹಾಡುಗಾರ ಜಾನ್ ಆಂಡರ್ಸನ್ ಆಲ್ಬಂನ ನಾಲ್ಕು ಬದಿಗೆ ಹೊಂದಿಸಿಕೊಂಡರು. ಇಂಗ್ಲೆಂಡಿನ ವಿಮರ್ಶಕರಿಗೆ ಈ ಹೆಸರುಗಳೇ ಒಂದು ಭಾರ. ನಮಗೆ ಅವು ಹೊಸವಲ್ಲ. ಹಾಗಂತ ಅಲ್ಲಿ ವೇದಘೋಷ ಹುಡುಕಿದರೆ ಸಿಗುವುದಿಲ್ಲ. ಸಿಗುವುದು ಒಬ್ಬ ಇಂಗ್ಲಿಷ್ ಹಾಡುಗಾರನ ಹಂಬಲ. ಆ ಹೆಸರುಗಳನ್ನು ಬದಿಗಿಟ್ಟು ಮೊದಲ ಬದಿ ಮತ್ತು ಕೊನೆಯ ಬದಿ ಮಾತ್ರ ಕೇಳಿ ನೋಡಿ. ಆ ಎರಡು ಹಿಡಿಸಿದರೆ ನಡುವಿನ ಎರಡಕ್ಕೆ ಹೋಗಿ.

ನಮ್ಮ ಬೆಂಗಳೂರಿನ ಅಗಮ್ ತಂಡಕ್ಕೆ ಬಂದರೆ ಇಬ್ಬರು ಕೇಳುಗರು ಬೇಕು. ತಮ್ಮದು ಕರ್ನಾಟಕ ಸಂಗೀತದ ಪ್ರೊಗ್ರೆಸಿವ್ ರಾಕ್ ಅಂತ ಅವರೇ ಹೇಳಿಕೊಳ್ಳುತ್ತಾರೆ. 2012ರ 'ದಿ ಇನ್ನರ್ ಸೆಲ್ಫ್ ಅವೇಕನ್ಸ್' ಆಲ್ಬಂನಲ್ಲಿ ಧನಾಶ್ರೀ ತಿಲ್ಲಾನ ಇದೆ. ಭರತನಾಟ್ಯದ ಕೊನೆಗೆ ಅದನ್ನು ನೋಡುತ್ತಾ ಬೆಳೆದವರಿಗೆ ಡಿಸ್ಟಾರ್ಷನ್ ಹಾಕಿದ ಒರಟು ದನಿಯ ಗಿಟಾರ್ ಬಂದಾಗ ಏನಾಗುತ್ತದೆ? ಗಿಟಾರಿನಿಂದಲೇ ಶುರು ಮಾಡಿದ ಹುಡುಗನಿಗೆ ಆ ಜತಿ ಹೇಗೆ ಕೇಳಿಸುತ್ತದೆ? ಎರಡನ್ನೂ ಓದಲು ನನಗೆ ಆಸೆ.

ಕನ್ನಡದಲ್ಲಿ ಇಂಥ ಬರಹ ಇನ್ನೂ ಕಮ್ಮಿ. ನಿಮಗೆ ಒಂದು ಆಲ್ಬಂ ಹೀಗೆ ಹಿಡಿದುಕೊಂಡಿದ್ದರೆ ಬರೆಯಿರಿ. ಸಂಗೀತದ ಪರಿಭಾಷೆ ಗೊತ್ತಿರಬೇಕಾಗಿಲ್ಲ. ಯಾವ ಹಾಡು, ಎಷ್ಟನೇ ನಿಮಿಷ, ಆಗ ನಿಮ್ಮ ಬದುಕಿನಲ್ಲಿ ಏನು ನಡೆಯುತ್ತಿತ್ತು, ಈಗಲೂ ಹಾಗೇ ಅನ್ನಿಸುತ್ತದಾ. ಇಷ್ಟು ಇದ್ದರೆ ಓದುವವರು ಆಲ್ಬಂ ಹಾಕಿ ಆ ನಿಮಿಷಕ್ಕೆ ಕಾಯುತ್ತಾರೆ.